ಊದಬೇಡಿ, ಎಳೆದುಕೊಳ್ಳಿ

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ಮೊದಲ ಸೋಮವಾರ, ಅರಸೀಕೆರೆಯ ಒಂದು ಕ್ಲಿನಿಕ್ಕಿನಲ್ಲಿ ನನ್ನ ಸೋದರತ್ತೆಗೆ ಸಿಒಪಿಡಿ ಇದೆ ಎಂದು ಡಾಕ್ಟರು ಹೇಳಿದರು. ಶ್ವಾಸನಾಳಗಳು ವರ್ಷಗಟ್ಟಲೆ ಕೆರಳಿ ಕಿರಿದಾಗುವ ಕಾಯಿಲೆ ಅದು. ಹಾಳಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಇದನ್ನೆಲ್ಲ ಡಾಕ್ಟರು ಹೇಳುವಾಗ ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ.

"ಬೀಡಿ ಸೇದೋರ್ಗೆ ಬರೋ ಕಾಯ್ಲೆ ಅಲ್ವ್ರಾ ಅದು?" ಎಂದು ಅತ್ತೆ ಕೇಳಿದರು. "ನಾನು ಕೈಯಲ್ಲೂ ಮುಟ್ಟಿಲ್ಲ."

"ಒಲೆ ಮುಂದೆ ಎಷ್ಟು ವರ್ಷ ಕೂತಿದ್ದೀರಿ?"

"ಹುಟ್ಟಿದಾಗಿಂದ ಅಂತ್ಲೇ ಬರ್ಕೊಳಿ."

"ಹಾಗಾದ್ರೆ ಬೀಡಿ ಸೇದೋರಷ್ಟೇ ಹೊಗೆ ಕುಡಿದಿದ್ದೀರಿ," ಎಂದರು ಡಾಕ್ಟರು.

ಅತ್ತೆಗೆ ಈ ಮಾತು ಹಿಡಿಸಲಿಲ್ಲ. ಹೊರಗೆ ಬಂದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ, "ಆಯಮ್ಮ ನನ್ನ ಬೀಡಿ ಸೇದೋರ ಸಾಲಿಗೆ ಸೇರಿಸ್ಬುಟ್ಲು ನೋಡು," ಎಂದರು.

ಅತ್ತೆ ಇರುವುದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ. ಕೆಲಸ ಮದುವೆ ಅಡುಗೆ. ಗಂಡ ತೀರಿಕೊಂಡಾಗ ಅವರಿಗೆ ಇನ್ನೂ ಎಳೆ ವಯಸ್ಸು. ಅರಸೀಕೆರೆಯಿಂದ ನನ್ನ ಅಪ್ಪ ಹೋಗಿ, ತವರಿಗೆ ಬಂದಿರು ಎಂದು ಕರೆದರು. ಅತ್ತೆ ಬರಲಿಲ್ಲ. ಸುತ್ತಮುತ್ತಲ ಮದುವೆಗಳಿಗೆ ಒಬ್ಬಟ್ಟು ತಟ್ಟಲು ಹೋಗತೊಡಗಿದರು. ಆಗ ಈ ಭಾಗದಲ್ಲಿ ಮದುವೆ ಅಡುಗೆಯ ಯಜಮಾನಿಕೆ ಗಂಡಸರದು. ಹೆಂಗಸರಿದ್ದದ್ದು ತರಕಾರಿ ಹೆಚ್ಚುವುದಕ್ಕೆ, ತಟ್ಟುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ. ಒಂದು ಮದುವೆಯಲ್ಲಿ ಅಡುಗೆಯವನು ಕುಡಿದು ಮಲಗಿಬಿಟ್ಟ. ಅತ್ತೆ ಯಾರನ್ನೂ ಕೇಳದೆ ಸೌಟು ಹಿಡಿದು, ಸಾರಿಗೆ ಒಗ್ಗರಣೆ ಹಾಕಿ, ಊಟಕ್ಕೆ ಎಲೆ ಹಾಕಿಸಿದರು. ಮುಂದಿನ ಮದುವೆಗೆ ಅವರನ್ನೇ ಕರೆದರು. ಅಲ್ಲಿಂದ ಇಲ್ಲಿಯವರೆಗೆ ಅರಸೀಕೆರೆ, ಬೇಲೂರು, ಎಸ್ಟೇಟುಗಳ ಕಡೆ ಬಿಕ್ಕೋಡಿನವರೆಗೂ ಅವರ ತಂಡ ಹೋಗಿದೆ. ಪಾತ್ರೆಗಳು ಗೂಡ್ಸ್ ಆಟೋದಲ್ಲಿ, ಹೆಂಗಸರು ಜೀಪಿನಲ್ಲಿ.

ಮದುವೆ ಅಡುಗೆಗೆ ನಮ್ಮ ಕಡೆ ಒಂದು ಪದ್ಧತಿಯಿದೆ. ಛತ್ರದ ಹಿಂದೆ ನೆಲ ತೋಡಿ, ಕಲ್ಲು ಹೂಡಿ ದೊಡ್ಡ ಒಲೆ ಮಾಡುತ್ತಾರೆ. ಒಲೆಯ ಕಲ್ಲಿಗೆ ವಿಭೂತಿ ಬಳಿದು, ಹೂವಿಟ್ಟು, ಕರ್ಪೂರದಿಂದ ಬೆಂಕಿ ಹೊತ್ತಿಸುತ್ತಾರೆ. ಆ ಮೊದಲ ಬೆಂಕಿಯನ್ನು ಊದುವ ಹಕ್ಕು ಅಡುಗೆಯ ಯಜಮಾನರದು. ಬೇರೆ ಯಾರೂ ಊದುಗೊಳವೆಗೆ ಬಾಯಿಡುವಂತಿಲ್ಲ. ಈ ಸೀಮೆಯಲ್ಲಿ ಉರಿಸುವುದು ತೆಂಗಿನ ಮಟ್ಟೆ, ಚಿಪ್ಪು, ಒಣಗಿದ ಗರಿ. ಮಟ್ಟೆ ಹೊತ್ತಿಕೊಳ್ಳುವ ಮೊದಲು ಬಹಳ ಹೊತ್ತು ಹೊಗೆಯಾಡುತ್ತದೆ. ಅತ್ತೆ ಒಂದೇ ಉಸಿರಿಗೆ ಮಟ್ಟೆ ಹೊತ್ತಿಸುತ್ತಾರೆ ಎಂಬುದು ಅವರ ತಂಡದವರು ಹೊಸಬರಿಗೆ ಹೇಳುತ್ತಿದ್ದ ಮಾತು. ನಾನೂ ಕಂಡಿದ್ದೇನೆ.

ಕ್ಲಿನಿಕ್ಕಿನಲ್ಲಿ ಮೊದಲು ಮಾಡಿದ್ದು ಊದುವ ಪರೀಕ್ಷೆ. ಕಂಪ್ಯೂಟರಿಗೆ ಜೋಡಿಸಿದ ಒಂದು ಕೊಳವೆಯನ್ನು ಬಾಯಿಗಿಟ್ಟು ಉಸಿರು ಮುಗಿಯುವವರೆಗೆ ಊದಬೇಕು. ಪರೀಕ್ಷೆ ಮಾಡುವ ಹುಡುಗಿ "ಊದಿ, ಊದಿ, ಊದಿ, ಇನ್ನೂ ಊದಿ" ಎಂದು ಕೂಗುತ್ತಿದ್ದಳು. ಅತ್ತೆ ಕಣ್ಣು ಮುಚ್ಚಿ ಊದಿದರು. ಆಮೇಲೆ ಪಕ್ಕದ ಕೋಣೆಯಲ್ಲಿ ಇನ್ನೊಂದು ಪ್ಲಾಸ್ಟಿಕ್ ಸಾಧನ ಕೈಗೆ ಕೊಟ್ಟರು. ಅದರ ಹೊಟ್ಟೆಯಲ್ಲಿ ಒಂದು ಕ್ಯಾಪ್ಸೂಲ್ ಇಡಬೇಕು, ಗುಂಡಿ ಒತ್ತಿ ತೂತು ಮಾಡಬೇಕು, ಬಾಯಿಗಿಟ್ಟು ಜೋರಾಗಿ ಉಸಿರು ಎಳೆದುಕೊಳ್ಳಬೇಕು. ಆಗ ಕ್ಯಾಪ್ಸೂಲ್ ಒಳಗೆ ಗಿರಗಿರ ತಿರುಗಿ, ಅದರ ಪುಡಿ ಉಸಿರಿನ ಜೊತೆ ಎದೆಗೆ ಇಳಿಯುತ್ತದೆ. ತೋರಿಸಿದರು. "ಗೊತ್ತಾಯ್ತಾ ಅಜ್ಜಿ?" ಎಂದರು. ಅತ್ತೆ "ಆಯ್ತು" ಎಂದರು. ಹೊರಗೆ ಸರದಿಯಲ್ಲಿ ಬಹಳ ಜನ ಕೂತಿದ್ದರು.

ನಮ್ಮ ಮನೆಗೆ ಉಬ್ಬಸ ಹೊಸದಲ್ಲ. ನನ್ನ ತಾತ ಒಣಗಿಸಿದ ಉಮ್ಮತ್ತಿ ಎಲೆ ಸುಟ್ಟು ಅದರ ಹೊಗೆ ಕುಡಿಯುತ್ತಿದ್ದರಂತೆ. ಉಮ್ಮತ್ತಿ ವಿಷದ ಗಿಡ. ಎಷ್ಟು ಹೊಗೆ ಔಷಧ, ಎಷ್ಟು ಹೊಗೆ ವಿಷ ಎಂಬ ಅಳತೆ ಯಾರಲ್ಲೂ ಇರಲಿಲ್ಲ. ಆಮೇಲೆ ಗುಳಿಗೆ, ಸೂಜಿ ಬಂದವು. ಗುಳಿಗೆ ಹೊಟ್ಟೆಗಿಳಿದು, ರಕ್ತ ಸೇರಿ, ಮೈಯೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಒತ್ತಿದರೆ ಔಷಧ ಚಿಮ್ಮುವ ಪಂಪು ಬಂದಾಗ ಔಷಧ ನೇರ ಎದೆಗೇ ಹೋಗುವಂತಾಯಿತು. ಆದರೆ ಒತ್ತುವುದೂ ಎಳೆಯುವುದೂ ಒಂದೇ ಕ್ಷಣದಲ್ಲಿ ಆಗಬೇಕು. ವಯಸ್ಸಾದವರಿಗೆ ಅದು ಕೂಡಿಬರುವುದಿಲ್ಲ, ಔಷಧ ಗಂಟಲಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಅದಕ್ಕೆ ಪಂಪಿನ ಮುಂದೆ ಸಿಕ್ಕಿಸುವ ಪ್ಲಾಸ್ಟಿಕ್ ಬುರುಡೆ ಮಾಡಿದರು. ಪುಡಿಯ ಸಾಧನದಲ್ಲಿ ಒತ್ತುವ ತೊಂದರೆಯೇ ಇಲ್ಲ, ನಮ್ಮ ಉಸಿರೇ ಅದನ್ನು ಎಳೆದುಕೊಳ್ಳುತ್ತದೆ. ಇವೆಲ್ಲ ಹಂತಗಳ ಬಗ್ಗೆ ಪತ್ರಿಕೆಯ ಆರೋಗ್ಯ ಪುಟಕ್ಕೆ ನಾನು ಒಂದಲ್ಲ ಒಂದು ಸಲ ಬರೆದಿದ್ದೆ. ಅತ್ತೆಯ ಕೈಯಲ್ಲಿದ್ದದ್ದು ಒಳ್ಳೆಯ ಸಾಧನ, ಒಳ್ಳೆಯ ಔಷಧ.

ಅದು ಅತ್ತೆಗೆ ನಾಟಲಿಲ್ಲ.

ಎರಡು ತಿಂಗಳಾಯಿತು, ಸಂಕ್ರಾಂತಿ ಬಂತು. ಬಸದಿಯ ಮುಂದಿನ ಏರು ಹತ್ತುವಾಗ ಅತ್ತೆ ಎರಡು ಕಡೆ ನಿಲ್ಲತೊಡಗಿದರು. ದಿನಾ ಬೆಳಿಗ್ಗೆ ಸ್ನಾನ, ಲಿಂಗಪೂಜೆ, ವಿಭೂತಿ, ಅದಾದ ಕೂಡಲೇ ಪುಡಿ. ಒಂದು ದಿನವೂ ತಪ್ಪಿಸಿದವರಲ್ಲ. ಆದರೂ ಬೇಲೂರಿನ ಒಂದು ಮದುವೆಯಲ್ಲಿ ಊದುಗೊಳವೆಯ ಮುಂದೆ ಕೂತವರು ಏಳಲಾಗದೆ ಅಲ್ಲೇ ಕೂತರು. ಅತ್ತೆಯ ಜೊತೆ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ಅಂದು ಉಳಿದ ಅಡುಗೆ ನೋಡಿಕೊಂಡರು. ಇವರನ್ನು ಜೊತೆಗಾತಿ ಎನ್ನುತ್ತೇನೆ. ಮದುವೆ ಮನೆಯವರು ತಮ್ಮ ಕಿರಿ ಮಗಳ ಮದುವೆಗೆ ಬೇರೆ ಅಡುಗೆಯವರನ್ನು ಗೊತ್ತು ಮಾಡಿದರು.

ಅಪ್ಪನ ಮಾತು ಬೇರೆ. ಅಪ್ಪ ಕೊಬ್ಬರಿ ವ್ಯಾಪಾರಿ, ಯಾವುದನ್ನೂ ಮುಖಕ್ಕೆ ಹೇಳುವವರು.

"ಅದನ್ನ ಬಾಯಿಗಿಡಬ್ಯಾಡ ಅಂತ ಅವತ್ತೇ ಹೇಳ್ದೆ. ಒಂದ್ಸಲ ಹಿಡೀತು ಅಂದ್ರೆ ಸಾಯೋಗಂಟ ಬಿಡಕಿಲ್ಲ ಅದು."

"ಊಟಾನೂ ಸಾಯೋಗಂಟ ಬಿಡಕಿಲ್ಲ," ಎಂದರು ಅತ್ತೆ. "ನೀನು ಬಿಟ್ಯಾ?"

"ನಾಕು ಜನದ ಮುಂದೆ ಹಂಗೆ ಬಾಯಿಗಿಟ್ಕೊಂಡು ಕೂತ್ಕೋತೀಯಲ್ಲ, ನೋಡಿದೋರು ಏನಂದ್ಕೋತಾರೆ?"

"ಉಸ್ರಾಡ್ತಾವ್ಳೆ ಅಂದ್ಕೋತಾರೆ."

ಇನ್‌ಹೇಲರ್ ಚಟವಾಗುತ್ತದೆ ಎಂಬ ಮಾತು ನಮ್ಮೂರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ಸುಳ್ಳು. ಡಾಕ್ಟರು ಅಪ್ಪನಿಗೂ ಇದನ್ನು ಫೋನಿನಲ್ಲಿ ಹೇಳಿದರು. ಅಪ್ಪ "ಹೂಂ" ಎಂದರು, ಅಷ್ಟೆ.

ಶಿವರಾತ್ರಿಯ ಹೊತ್ತಿಗೆ ಡಾಕ್ಟರಿಗೂ ಚಿಂತೆಯಾಯಿತು. ಮುಂದಿನ ಸಲವೂ ಹೀಗೇ ಇದ್ದರೆ ಮನೆಯಲ್ಲಿ ಆಕ್ಸಿಜನ್ ಯಂತ್ರ ಇಡುವ ಬಗ್ಗೆ ಯೋಚಿಸಬೇಕು, ದಿನದ ಬಹುಪಾಲು ಅದರ ಪಕ್ಕದಲ್ಲೇ ಇರಬೇಕಾಗಬಹುದು, ಅಡುಗೆ ಕೆಲಸ ಬಿಡಲೇಬೇಕು ಎಂದರು. ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಅತ್ತೆ ನನಗೆ ಹೇಳಿದರು: "ಮಿಷಿನ್ ಪಕ್ಕ ಕೂತ್ಕೊಂಡು ಬದುಕೋದಾದ್ರೆ ನಾನು ಅವತ್ತೇ ನಿಮ್ಮಪ್ಪನ ಮನೇಗೆ ಬಂದು ಕೂತ್ಕೋತಿದ್ದೆ ಕಣೇ."

ಮುಂದಿನ ಭೇಟಿಯ ದಿನ ಬಸ್ತಿಹಳ್ಳಿಯಲ್ಲಿ ನಲ್ಲಿ ನೀರು ಬಂದಿರಲಿಲ್ಲ. ಅರಸೀಕೆರೆಯ ನಮ್ಮ ಮನೆಯಲ್ಲೇ ಸ್ನಾನ, ಪೂಜೆ ಮುಗಿಸಿ ಡಾಕ್ಟರ ಹತ್ತಿರ ಹೋಗೋಣವೆಂದು ಅತ್ತೆ ಹಾಗೇ ಮೊದಲ ಬಸ್ಸು ಹತ್ತಿದರು. ನಾನೂ ಜೊತೆಗಿದ್ದೆ, ಹಿಂದಿನ ದಿನ ಹಳೇಬೀಡಿನಲ್ಲಿ ವರದಿಯ ಕೆಲಸವಿದ್ದು ಅವರ ಮನೆಯಲ್ಲೇ ಉಳಿದಿದ್ದೆ. ಜಾವಗಲ್ ಹತ್ತಿರವಾಗುತ್ತಿದ್ದಂತೆ ಅತ್ತೆಗೆ ಉಸಿರು ಹಿಡಿಯಿತು. ಚೀಲದಿಂದ ಸಾಧನ ತೆಗೆದು, ಕ್ಯಾಪ್ಸೂಲ್ ಇಟ್ಟು, ಬಾಯಿಗಿಟ್ಟರು.

ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ನಿಂತ.

"ಬಸ್ಸಲ್ಲಿ ಸೇದಂಗಿಲ್ಲ ಕಣಮ್ಮ."

"ಸೇದ್ತಿಲ್ಲ ಕಣಪ್ಪ. ಔಸ್ದಿ."

"ಈಗ ಎಲ್ಲಾ ತರದ್ದೂ ಬಂದೈತೆ. ಸಿಗರೇಟು ಹಿಂಗೂ ಬತ್ತದೆ, ನಾನು ಫೋನಲ್ಲಿ ನೋಡಿವ್ನಿ."

"ಹಂಗಾರೆ ನೀನೂ ಒಂದು ದಮ್ಮು ಎಳಿ, ನೋಡಾನ. ಹೊಗೆ ಬಂದ್ರೆ ನನ್ನ ಇಲ್ಲೇ ಇಳಿಸು."

ಹಿಂದಿನ ಸೀಟಿನವರು ನಕ್ಕರು. ಯಾರೋ, "ಎಳೀರಿ ಸಾರ್, ಬಿಟ್ಟಿ ಸಿಗ್ತೈತೆ," ಎಂದರು. ಕಂಡಕ್ಟರನೂ ನಕ್ಕು ಮುಂದೆ ಹೋದ. ಅತ್ತೆ ನಗಲಿಲ್ಲ. ಅವರು ತಮ್ಮ ಮಡಿಲನ್ನು ನೋಡುತ್ತಿದ್ದರು.

ಅವರು ಉಟ್ಟಿದ್ದು ಕಡುನೀಲಿ ಸೀರೆ. ಅದರ ನೆರಿಗೆಯ ಮೇಲೆ ತೆಳ್ಳಗೆ ಬಿಳಿ ಪುಡಿ ಬಿದ್ದಿತ್ತು. ಅತ್ತೆ ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಹಣೆ ಮುಟ್ಟಿಕೊಂಡರು. ಹಣೆ ಬರಿದಾಗಿತ್ತು. ಅಂದು ಅವರು ವಿಭೂತಿ ಧರಿಸಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಭೂತಿಯನ್ನು ನೀರಿನಲ್ಲಿ ಕಲಸಿ ಹಚ್ಚುತ್ತಾರೆ. ಒಣಗಿದ ಮೇಲೆ ಅದು ಉದುರುತ್ತದೆ. ಪೂಜೆ ಮಾಡಿದವರ ಸೀರೆಯ ಮೇಲೆ, ಪಂಚೆಯ ಮೇಲೆ ಬಿಳಿ ಪುಡಿ ಬಿದ್ದಿದ್ದರೆ ನಮ್ಮ ಮನೆಗಳಲ್ಲಿ ಯಾರೂ ಅದನ್ನು ಎರಡನೇ ಸಲ ನೋಡುವುದಿಲ್ಲ. ಅಷ್ಟು ತಿಂಗಳೂ ಅತ್ತೆ ಪೂಜೆಯಾದ ಕೂಡಲೇ ಔಷಧ ತೆಗೆದುಕೊಂಡಿದ್ದರು. ಅಷ್ಟು ತಿಂಗಳೂ ಅವರ ಸೀರೆಯ ಮೇಲೆ ಬಿಳಿ ಪುಡಿಯಿತ್ತು. ನಾನು ಕಂಡಿದ್ದೆ, ಅಪ್ಪ ಕಂಡಿದ್ದರು, ಜೊತೆಗಾತಿ ಕಂಡಿದ್ದರು. ಒಂದು ಸಲ ಜೊತೆಗಾತಿ ಅದನ್ನು ಭಕ್ತಿಯಿಂದ ಬೆರಳಿಗೆ ಹಚ್ಚಿಕೊಂಡು ತಮ್ಮ ಹಣೆಗೂ ಇಟ್ಟುಕೊಂಡಿದ್ದರು.

"ಇದು ಈಬೂತಿ ಅಲ್ಲ ಕಣೇ," ಎಂದರು ಅತ್ತೆ.

ಮನೆಗೆ ಬಂದವರು ಸ್ನಾನಕ್ಕೂ ಹೋಗದೆ ಕನ್ನಡಿಯ ಮುಂದೆ ನಿಂತರು. ಕ್ಯಾಪ್ಸೂಲ್ ಇಲ್ಲದ ಖಾಲಿ ಸಾಧನವನ್ನು ಬಾಯಿಗಿಟ್ಟು, ದಿನಾ ಮಾಡುವಂತೆಯೇ ಮಾಡಿದರು. ನಾನು ಪಕ್ಕದಿಂದ ನೋಡಿದೆ. ಮೊದಲು ಮೂಗಿನಿಂದ ಎದೆ ತುಂಬ ಉಸಿರು ತೆಗೆದುಕೊಂಡರು. ಕೆನ್ನೆ ಉಬ್ಬಿತು. ಆಮೇಲೆ ತುಟಿಯನ್ನು ಕೊಳವೆಯ ಸುತ್ತ ಬಿಗಿಮಾಡಿ, ನೀಳವಾಗಿ, ಒಂದೇ ಸಮನೆ ಊದಿದರು. ಕೊನೆಗೆ, ಉಸಿರೆಲ್ಲ ಖಾಲಿಯಾದ ಮೇಲೆ, ಒಂದಿಷ್ಟು ಎಳೆದುಕೊಂಡರು.

ಅದು ಊದುಗೊಳವೆಗೆ ಬಾಯಿಡುವ ಕ್ರಮ. ಮಟ್ಟೆ ಹೊತ್ತಿಸುವ ಕ್ರಮ.

"ಬಾಯಿಗೆ ಕೊಳವೆ ಕೊಟ್ರೆ ಊದೋದೇ," ಎಂದರು ಅತ್ತೆ, ಕನ್ನಡಿಯಿಂದ ಮುಖ ತಿರುಗಿಸದೆ. "ಅದ್ಕೇ ಗುಣ ಆಗ್ನಿಲ್ಲ. ಔಸ್ದಿ ಸರ್ಯಾಗೇ ಐತೆ."

ಹಿಂದೆ ಕೂತಿದ್ದ ಅಪ್ಪ, "ಇಷ್ಟು ತಿಂಗ್ಳು ಸೀರೆಗೆ ಔಸ್ದಿ ಕುಡಿಸಿದ್ದೀಯ, ಅದರ ಉಬ್ಬಸ ವಾಸಿ ಆಗಿರ್ಬೇಕು," ಎಂದರು. ಅತ್ತೆ ಅಂದು ಮೊದಲ ಸಲ ನಕ್ಕರು. ಅಪ್ಪನಿಗೆ ಆಗಷ್ಟೇ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ಡಾಕ್ಟರ ಮುಂದೆ ಅತ್ತೆ ಅದನ್ನೇ ಮತ್ತೆ ಮಾಡಿ ತೋರಿಸಿದರು. ಡಾಕ್ಟರು ಪೆನ್ನು ಕೆಳಗಿಟ್ಟು ನೋಡಿದರು. ಉಸಿರನ್ನು ಪೂರ್ತಿ ಹೊರಗೆ ಬಿಡಬೇಕಾದದ್ದು ನಿಜ, ಆದರೆ ಮುಖ ಪಕ್ಕಕ್ಕೆ ತಿರುಗಿಸಿ ಬಿಡಬೇಕು, ಸಾಧನದ ಒಳಗಲ್ಲ. ಬಾಯುಸಿರಿನ ತೇವ ತಾಗಿದರೂ ಪುಡಿ ಗಂಟು ಕಟ್ಟುತ್ತದೆ ಎಂದರು. ಎಂಥ ಹೊಸ ಸಾಧನ ಬಂದರೂ ತಪ್ಪಾಗಿ ಬಳಸುವವರು ಇದ್ದೇ ಇರುತ್ತಾರೆ, ಅದಕ್ಕೇ ಪ್ರತಿ ಭೇಟಿಯಲ್ಲೂ ಮಾಡಿಸಿ ನೋಡಬೇಕು ಎಂದೂ ಹೇಳಿದರು. ಆಮೇಲೆ ಡ್ರಾಯರಿನಿಂದ ಒಂದು ಪೀಪಿ ತೆಗೆದರು. ಔಷಧವಿಲ್ಲದ ಕಲಿಕೆಯ ಸಾಧನ ಅದು. ಸರಿಯಾದ ಜೋರಿನಲ್ಲಿ ಎಳೆದುಕೊಂಡರೆ ಮಾತ್ರ ಸಿಳ್ಳೆ ಹೊಡೆಯುತ್ತದೆ, ಊದಿದರೆ ಸುಮ್ಮನಿರುತ್ತದೆ. ಅತ್ತೆ ಮೊದಲ ಸಲ ಊದಿದರು. ಸದ್ದಿಲ್ಲ. ಎರಡನೇ ಸಲವೂ ಊದಿದರು. ತಮ್ಮ ತೊಡೆಗೆ ತಾವೇ ಒಂದು ಏಟು ಕೊಟ್ಟುಕೊಂಡು ಮೂರನೇ ಸಲ ಎಳೆದರು. ಸಿಳ್ಳೆ ಬಂತು. ಬಾಗಿಲಾಚೆ ಸರದಿಯಲ್ಲಿದ್ದವರು ಒಳಗೆ ಇಣುಕಿದರು.

ಎಳೆಯುವ ಬಲ ಅತ್ತೆಗೆ ಇನ್ನೂ ಚೆನ್ನಾಗಿದೆ ಎಂದು ಗೊತ್ತಾದ ಮೇಲೆ ಡಾಕ್ಟರು ಸಾಧನ ಬದಲಿಸಿದರು. ಹೊಸದರಲ್ಲಿ ಕ್ಯಾಪ್ಸೂಲ್ ಇಡುವ ಕೆಲಸವಿಲ್ಲ. ಮೂರು ಔಷಧ ಒಟ್ಟಿಗೆ, ದಿನಕ್ಕೆ ಒಂದೇ ಸಲ. ಮುಚ್ಚಳ ಪಕ್ಕಕ್ಕೆ ಸರಿಸಿದರೆ ಟಕ್ ಎನ್ನುತ್ತದೆ, ಒಂದು ಸಲದ ಪುಡಿ ಸಿದ್ಧವಾಗುತ್ತದೆ. ಇನ್ನೆಷ್ಟು ಸಲಕ್ಕಿದೆ ಎಂಬ ಅಂಕಿ ಒಂದು ಸಣ್ಣ ಕಿಟಕಿಯಲ್ಲಿ ಕಾಣುತ್ತದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟಿನ ಪದರ ಕಟ್ಟಬಹುದು.

ಅತ್ತೆ ಮುಚ್ಚಳ ಸರಿಸಿದರು, ಎಳೆಯದೆ ಮುಚ್ಚಿದರು. ಅಂಕಿ ಒಂದು ಇಳಿಯಿತು.

"ಇದು ಬಾಗ್ಲು ತೆಗೆದಿದ್ದನ್ನ ಲೆಕ್ಕ ಹಾಕ್ತೈತೆ," ಎಂದರು. "ಒಳಗೆ ಬಂದೋರನ್ನ ಲೆಕ್ಕ ಹಾಕಕಿಲ್ಲ."

"ಅದನ್ನೂ ಲೆಕ್ಕ ಹಾಕೋವು ಬಂದಿವೆ," ಎಂದರು ಡಾಕ್ಟರು. "ಎಷ್ಟು ಜೋರಾಗಿ ಎಳೆದ್ರಿ, ಯಾವಾಗ ಎಳೆದ್ರಿ, ಎಲ್ಲ ಫೋನಿಗೆ ಹೋಗುತ್ತೆ. ನಮ್ಮ ಕಡೆ ಇನ್ನೂ ಸುಲಭಕ್ಕೆ ಸಿಗಲ್ಲ."

"ನಮ್ಮ ಅಣ್ಣನ ಫೋನಿಗೆ ಮಾತ್ರ ಕಳಿಸಬ್ಯಾಡ್ರಿ."

ಆಮೇಲೆ ಡಾಕ್ಟರು ಅಸಲು ಮಾತಿಗೆ ಬಂದರು. ಈ ಔಷಧ ಉಸಿರಿನ ದಾರಿ ಅಗಲ ಮಾಡುತ್ತದೆ, ಮತ್ತೆ ಮತ್ತೆ ಕೆರಳದಂತೆ ತಡೆಯುತ್ತದೆ; ಆದರೆ ಹೋದದ್ದನ್ನು ತಂದುಕೊಡುವುದಿಲ್ಲ. ಹೊಗೆಯಲ್ಲಿ ಕೂತರೆ ಯಾವ ಇನ್‌ಹೇಲರೂ ಕಾಯುವುದಿಲ್ಲ. "ಇನ್ನು ಒಲೆ ಬಿಟ್ಟುಬಿಡಿ," ಎಂದರು.

"ಹೊಗೆ ಬಿಡ್ತೀನಿ," ಎಂದರು ಅತ್ತೆ. "ಒಲೆ ಬಿಡಕಿಲ್ಲ."

ಉಸಿರು ಸುಧಾರಿಸಿತು. ಯುಗಾದಿಯ ಹೊತ್ತಿಗೆ ಬಸದಿಯ ಏರನ್ನು ಅತ್ತೆ ಒಂದೇ ಕಡೆ ನಿಂತು ಹತ್ತುತ್ತಿದ್ದರು. ಆಕ್ಸಿಜನ್ ಯಂತ್ರದ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ. ಅತ್ತೆ ಮದುವೆ ಮನೆಯವರಿಗೆಲ್ಲ ಹೇಳಿ ಕಳಿಸಿದರು: ಇನ್ನು ಮುಂದೆ ಸೌದೆ, ಮಟ್ಟೆ, ಚಿಪ್ಪು ಯಾವುದೂ ಇಲ್ಲ. ಪೂರ್ತಿ ಗ್ಯಾಸಿನ ಒಲೆ. ಒಪ್ಪಿದರೆ ಬರುತ್ತೇವೆ.

ಎಲ್ಲರೂ ಒಪ್ಪಲಿಲ್ಲ. ತೆಂಗಿನ ಸೀಮೆಯಲ್ಲಿ ಮಟ್ಟೆ ತೋಟದಲ್ಲೇ ಬಿದ್ದಿರುತ್ತದೆ, ಸಿಲಿಂಡರಿಗೆ ಯಾಕೆ ಓಡಾಡಬೇಕು ಎಂಬುದು ಅವರ ವಾದ. ರುಚಿಯ ವಾದವೂ ಇತ್ತು. ಹಳೇಬೀಡಿನ ಒಂದು ಮದುವೆ ಮನೆಯ ಯಜಮಾನರು ಬಸ್ತಿಹಳ್ಳಿಗೇ ಬಂದು ಜಗಲಿಯ ಮೇಲೆ ಕೂತರು. ನಾನೂ ಇದ್ದೆ.

"ಗ್ಯಾಸಲ್ಲಿ ಬೇಯ್ಸಿದ ಒಬ್ಬಟ್ಟಿನ ಸಾರು ಸಾರೇನಮ್ಮ ಅದು? ಹೊಗೆ ವಾಸ್ನೆ ಇಲ್ದಿದ್ರೆ ಮದ್ವೆ ಊಟ ಅನ್ಸಕಿಲ್ಲ."

"ಹೊಗೆ ವಾಸ್ನೆ ಬೇಕಾ ಯಜಮಾನ್ರೇ? ಊಟ ಆದ್ಮೇಲೆ ಹೊರಗೆ ಒಂದು ಮಟ್ಟೆ ಹಚ್ಚಿಸ್ತೀನಿ, ಮೂಸ್ಕೊಂಡು ಹೋಗ್ರಿ."

"ಊದೋಕೆ ಆಗ್ದೋಳು ಯಜಮಾನಿಕೆ ಯಾಕೆ ಇಟ್ಕೊಂಡವ್ಳೆ ಅಂತ ಊರಲ್ಲಿ ಆಡ್ಕೋತಾವ್ರೆ, ಗೊತ್ತೈತಾ?"

"ಯಾರು ಆಡ್ಕೊಂಡ್ರು? ನಮ್ಮ ಪಾತ್ರೆ ತೊಳೆಯಕ್ಕೆ ಬಂದಿದ್ರಾ ಅವರು?"

ಯಜಮಾನರು ಕಾಫಿ ಕುಡಿದು ಎದ್ದು ಹೋದರು. ಆ ಮದುವೆಗೆ ಅತ್ತೆಯನ್ನು ಕರೆಯಲಿಲ್ಲ. ಆ ವರ್ಷ ಕೈತಪ್ಪಿದ ಮದುವೆಗಳಲ್ಲಿ ಅದು ಮೊದಲನೆಯದು. ಹೋದ ಕಡೆಗಳಲ್ಲಿ ಒಲೆ ಪೂಜೆ ನಡೆಯಿತು. ಕಬ್ಬಿಣದ ಒಲೆಗೆ ವಿಭೂತಿ ಬಳಿದರು, ಹೂವಿಟ್ಟರು, ಅತ್ತೆ ಬತ್ತಿ ತಿರುವಿ ಹಚ್ಚಿದರು. ಊದುವುದೇನೂ ಇರಲಿಲ್ಲ. ತಂಡದ ಹೆಂಗಸರು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ರೂಢಿಯಾಯಿತು. ಬೆಳಗಿನ ಇನ್‌ಹೇಲರ್ ಅನ್ನು ಅತ್ತೆ ಎಲ್ಲರೆದುರಿಗೇ ಎಳೆದುಕೊಂಡು, ತೊಟ್ಟಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಅದೇನು ಎಂದು ಕೇಳಿದವರಿಗೆ ಕೈಗೆ ಕೊಟ್ಟು ತೋರಿಸುತ್ತಿದ್ದರು, ಬಾಯಿಗಿಡಲು ಬಿಡುತ್ತಿರಲಿಲ್ಲ.

ತಂಡದವರನ್ನೂ ಬಿಡಲಿಲ್ಲ. ಒಂದು ದಿನ ಎಲ್ಲರನ್ನೂ ಜೀಪಿಗೆ ಹತ್ತಿಸಿ ಅದೇ ಕ್ಲಿನಿಕ್ಕಿಗೆ ಕರೆತಂದು ಊದುವ ಪರೀಕ್ಷೆಗೆ ಕೂರಿಸಿದರು. ಜೊತೆಗಾತಿಯ ಫಲಿತಾಂಶ ಚೆನ್ನಾಗಿರಲಿಲ್ಲ. ತನಗೆ ಏನೂ ಇಲ್ಲ, ಕೆಮ್ಮು ಹವೆಯದು ಎಂದು ಜೊತೆಗಾತಿ ವಾದಿಸಿದರು. "ನಂದೂ ಹವೇದೇ ಆಗಿತ್ತು," ಎಂದರು ಅತ್ತೆ. ಈಗ ಇಬ್ಬರ ಚೀಲದಲ್ಲೂ ಒಂದೊಂದು ಸಾಧನವಿದೆ.

ಕಳೆದ ವರ್ಷ ಮಾಗಿಯಲ್ಲಿ ಅತ್ತೆ ಒಂದು ಕಡೆ ರಾಜಿ ಮಾಡಿಕೊಂಡರು. ಬಿಕ್ಕೋಡಿನ ಹತ್ತಿರದ ಮದುವೆ. ಗ್ಯಾಸ್ ಎಂದು ಮಾತಾಗಿತ್ತು. ಹೋಗಿ ನೋಡಿದರೆ ಅರ್ಧ ಅಡುಗೆಗೆ ಸಾಲುವಷ್ಟೇ ಸಿಲಿಂಡರು, ಉಳಿದದ್ದಕ್ಕೆ ಕಾಫಿ ಗಿಡದ ಹಸಿ ಸೌದೆ. ಬೀಗರು ಆಗಲೇ ಬಂದಿಳಿದಿದ್ದರು. ಎಲೆ ಹಾಕಿದ ಮೇಲೆ ಊಟವಿಲ್ಲ ಎನ್ನಲಾಗದು ಎಂದು ಅತ್ತೆ ನಿಂತರು. ಸಂಜೆಗೆ ಮಾತು ತುಂಡಾಯಿತು, ತುಟಿ ನೀಲಿಯಾಯಿತು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ನೆಬುಲೈಸರಿನಲ್ಲಿ ಔಷಧ, ಆಕ್ಸಿಜನ್, ಸೂಜಿ. ಅಲ್ಲಿನ ಡಾಕ್ಟರು, ಇಂಥ ಒಂದೊಂದು ಹೊಡೆತವೂ ಶ್ವಾಸಕೋಶದ ಒಂದಿಷ್ಟನ್ನು ತೆಗೆದುಕೊಂಡೇ ಹೋಗುತ್ತದೆ ಎಂದರು.

ಆಸ್ಪತ್ರೆಯಿಂದ ಅಪ್ಪ ಅವರನ್ನು ನೇರ ಅರಸೀಕೆರೆಗೆ ಕರೆತಂದರು. ಬಸ್ತಿಹಳ್ಳಿಯ ಮನೆಗೆ ಬೀಗ ಹಾಕಿಸಿಯಾಗಿತ್ತು. ಪಾತ್ರೆಗಳನ್ನು ಯಾರಿಗೆ ಕೊಡುವುದು ಎಂದು ಅಪ್ಪ ಜೊತೆಗಾತಿಗೆ ಫೋನ್ ಮಾಡಿ ಕೇಳಿಯೂ ಆಗಿತ್ತು.

"ಇನ್ನು ಸಾಕು," ಎಂದರು ಅಪ್ಪ. "ಇಲ್ಲೇ ಇರು. ನಿನಗೇನು ಕಮ್ಮಿ ಇಲ್ಲಿ?"

"ನಿನ್ನ ಹಂಡೆ ಒಲೆ ಹೊಗೆ ನಡುಮನೇಗೆ ಬತ್ತದೆ," ಎಂದರು ಅತ್ತೆ. ನಮ್ಮ ಬಚ್ಚಲಿನಲ್ಲಿ ಸ್ನಾನದ ನೀರು ಇಂದಿಗೂ ಕಾಯುವುದು ತೆಂಗಿನ ಮಟ್ಟೆಯಲ್ಲಿ. "ನನ್ನ ಹೊಗೆಯಿಂದ ತಪ್ಪಿಸ್ತೀನಿ ಅಂತ ಹೊಗೇಗೇ ಕರ್ಕೊಂಡು ಬಂದಿದ್ದೀಯಲ್ಲೋ."

"ಸತ್ತೋಯ್ತೀಯ ಕಣೇ ಒಂದಿನ."

"ಸಾಯ್ತೀನಿ. ನೀನೂ ಸಾಯ್ತೀಯ. ಆದ್ರೆ ನಿನ್ನ ಜಗಲಿ ಮೇಲೆ ಸಾಯಕಿಲ್ಲ."

ಅಪ್ಪ ಎದ್ದು ಅಂಗಡಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ ಹೊರಟು ನಿಂತಿದ್ದರು. ಅಪ್ಪ ಬೀಗದ ಕೈ ಕೊಟ್ಟು, ಬಸ್ ನಿಲ್ದಾಣದವರೆಗೆ ಚೀಲ ಹಿಡಿದುಕೊಂಡು ಹೋದರು.

ಬಸ್ತಿಹಳ್ಳಿಗೆ ಹೋದ ಮೇಲೆ ಅತ್ತೆ ಎರಡು ಬದಲಾವಣೆ ಮಾಡಿದರು. ಮುದ್ದೆ ತಿರುವುವುದು, ಹಂಡೆ ಇಳಿಸುವುದು ಜೊತೆಗಾತಿಗೆ ಹೋಯಿತು. ಅತ್ತೆ ಗಾಳಿ ಬರುವ ಕಡೆ ಕುರ್ಚಿ ಹಾಕಿಸಿಕೊಂಡು ಉಪ್ಪು, ಹುಳಿ, ಹದ ನೋಡುತ್ತಾರೆ. ಮದುವೆಯ ಹಿಂದಿನ ದಿನವೇ ಛತ್ರಕ್ಕೆ ಹೋಗಿ ಹಿತ್ತಲು ನೋಡಿ ಬರುತ್ತಾರೆ. ಹೊಗೆಯಾಡುವುದೇನಾದರೂ ಕಂಡರೆ ಪಾತ್ರೆ ಇಳಿಸುವುದಿಲ್ಲ. ಈ ವರ್ಷ ಹಾಗೆ ಒಂದು ಕಡೆಯಿಂದ ಗೂಡ್ಸ್ ಆಟೋವನ್ನು ಹಿಂದಿರುಗಿಸಿದರು. ಮನೆಯವರು ಬೈದರು. ಸಂಜೆಯೊಳಗೆ ಸಿಲಿಂಡರು ಬಂದವು, ಆಟೋ ಮತ್ತೆ ಹೋಯಿತು. ಗ್ಯಾಸಿಗೆ ಒಪ್ಪದೆ ಎದ್ದು ಹೋಗಿದ್ದ ಹಳೇಬೀಡಿನ ಯಜಮಾನರ ಮನೆಯಿಂದ ಇದುವರೆಗೆ ಕರೆ ಬಂದಿಲ್ಲ.

ಅರಸೀಕೆರೆಯ ಡಾಕ್ಟರ ಹತ್ತಿರ ಈಗ ಪ್ರತಿ ಸಲವೂ ಮೊದಲು ಸಿಳ್ಳೆ, ಆಮೇಲೆ ಮಾತು. ಹಿಂದಿನ ಭೇಟಿಯಲ್ಲಿ ಅವರು ಇನ್ನೊಂದು ಬಗೆಯ ಸಾಧನ ತೋರಿಸಿದರು. ಒತ್ತಿದರೆ ಮಂಜಿನಂತೆ ನಿಧಾನವಾಗಿ ಬರುತ್ತದೆ. ಜೋರಾಗಿ ಎಳೆಯಲು ಬಲವಿಲ್ಲದವರಿಗೆ ಅನುಕೂಲ. ಪಂಪುಗಳಲ್ಲಿ ಔಷಧವನ್ನು ಹೊರಗೆ ದೂಡುವ ಅನಿಲ ಭೂಮಿಯನ್ನು ಬಿಸಿ ಮಾಡುತ್ತದೆಂದು ಅದನ್ನೂ ಬದಲಿಸುತ್ತಿದ್ದಾರೆ ಎಂದರು. ಮುಂದೆ ಎಳೆಯುವ ಬಲ ಕಡಿಮೆಯಾದರೆ ಮಂಜಿನದಕ್ಕೆ ಬದಲಾಯಿಸೋಣ ಎಂದರು.

"ಕಮ್ಮಿ ಆದಾಗ ನೋಡಾನ," ಎಂದರು ಅತ್ತೆ.

ಅಂದಿನ ಊದುವ ಪರೀಕ್ಷೆಯಲ್ಲಿ ಅವರ ಅಳತೆ ಹಾಸನದ ಆಸ್ಪತ್ರೆಯಿಂದ ಬಂದ ಮೇಲೆ ಎಷ್ಟಿತ್ತೋ ಅಷ್ಟೇ ಇತ್ತು. ಏರಿರಲಿಲ್ಲ, ಇಳಿದಿರಲಿಲ್ಲ.

ನಿನ್ನೆ ಬೇಲೂರಿನ ಛತ್ರವೊಂದರಲ್ಲಿ ಮದುವೆಯಿತ್ತು. ಅಡುಗೆ ಅತ್ತೆಯ ತಂಡದ್ದು. ಮೊದಲ ಪಂಕ್ತಿ ಹೇಳಿದ ಹೊತ್ತಿಗೇ, ಹನ್ನೆರಡೂವರೆಗೆ ಕೂತಿತು.